ಇರಿಡಿಯಂ ಮೂಲಕ್ಕೆ ಎಷ್ಟು ದಪ್ಪದ ಗೋಡೆ ಬೇಕು? ಕ್ಷಯ ಮತ್ತು ಕವಚದ ಲೆಕ್ಕ, ಹಂತ ಹಂತವಾಗಿ

"ಎಷ್ಟು ದಪ್ಪದ ಸೀಸ ಹಾಕಿದರೆ ವಿಕಿರಣ ನಿಲ್ಲುತ್ತದೆ?" ರೇಡಿಯೋಗ್ರಫಿ ತರಬೇತಿಗೆ ಸೇರಿದವರು, ಡಿಪ್ಲೊಮಾ ಮುಗಿಸಿ ಬೆಸುಗೆ ತಪಾಸಣೆಯ ಕೆಲಸಕ್ಕೆ ಹೊರಟವರು, ಭೌತಶಾಸ್ತ್ರದ ವಿದ್ಯಾರ್ಥಿಗಳು ಎಲ್ಲರೂ ಮತ್ತೆ ಮತ್ತೆ ಕೇಳುವುದು ಇದನ್ನೇ. ಒಂದೇ ಸಂಖ್ಯೆಯಲ್ಲಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಗಾಮಾ ಕಿರಣವನ್ನು ಯಾವ ಗೋಡೆಯೂ ಪೂರ್ತಿಯಾಗಿ ತಡೆಯುವುದಿಲ್ಲ. ಗೋಡೆ ದಪ್ಪವಾದಷ್ಟೂ ಆಚೆ ಬದಿಗೆ ಬರುವ ಪಾಲು ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಹಾಗಾಗಿ ಲೆಕ್ಕ ಶುರುವಾಗಬೇಕಾದದ್ದು ಮೂರು ಪ್ರಶ್ನೆಗಳಿಂದ: ಈಗ ಎಷ್ಟಿದೆ, ಎಷ್ಟಕ್ಕೆ ಇಳಿಯಬೇಕು, ಅಷ್ಟು ಇಳಿಸಲು ಯಾವ ವಸ್ತು ಎಷ್ಟು ದಪ್ಪ ಬೇಕು.

ಬಾಯ್ಲರ್ ಮತ್ತು ಪೈಪುಗಳ ಬೆಸುಗೆಯ ಒಳಗಿನ ಬಿರುಕು ನೋಡಲು ನಮ್ಮಲ್ಲಿ ಹೆಚ್ಚಾಗಿ ಬಳಸುವ ಇರಿಡಿಯಂ-192 ಮೂಲವನ್ನೇ (ಮೂಲ ಎಂದರೆ ವಿಕಿರಣ ಸೂಸುವ ವಸ್ತು) ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ನೀವೂ ಕಾಗದದ ಮೇಲೆ ಮಾಡುತ್ತಾ ಬನ್ನಿ.

ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ಇದು ಲೆಕ್ಕವನ್ನು ಅರ್ಥ ಮಾಡಿಕೊಳ್ಳಲು, ಬೇರೆಯವರು ಕೊಟ್ಟ ಅಂಕಿಯನ್ನು ಪರಿಶೀಲಿಸಲು. ನಿಜವಾದ ಕೊಠಡಿ ಕಟ್ಟುವ ಮುನ್ನ ಅದರ ನಕ್ಷೆಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮೋದನೆ ಬೇಕು. ಅರ್ಜಿ ಹೋಗುವುದು ಮಂಡಳಿಯ ಇ-ಲೋರಾ ಜಾಲತಾಣದ ಮೂಲಕ. ಈ ಲೇಖನ ಓದಿ ನೇರವಾಗಿ ಮೇಸ್ತ್ರಿಯನ್ನು ಕರೆಯಬೇಡಿ.

ಕೈಯಲ್ಲಿ ಇರಬೇಕಾದವು

ಮೂಲದ ಪ್ರಮಾಣಪತ್ರ. ಅದರಲ್ಲಿ ಐಸೊಟೋಪಿನ ಹೆಸರು (ಇರಿಡಿಯಂ-192 ಎಂಬಂತೆ), ಸಕ್ರಿಯತೆ ಮತ್ತು ಆ ಸಕ್ರಿಯತೆಯನ್ನು ಅಳೆದ ದಿನಾಂಕ ಮೂರೂ ಇರಬೇಕು. ಸಕ್ರಿಯತೆ ಎಂದರೆ ಮೂಲದಲ್ಲಿ ಪ್ರತಿ ಸೆಕೆಂಡಿಗೆ ಒಡೆಯುವ ಪರಮಾಣುಗಳ ಸಂಖ್ಯೆ. ಸೆಕೆಂಡಿಗೆ ಒಂದು ಒಡೆದರೆ ಒಂದು ಬೆಕೆರೆಲ್. ಕೆಲಸದ ಜಾಗದಲ್ಲಿ ಇನ್ನೂ ಕ್ಯೂರಿಯೇ ಬಾಯಿಗೆ ಬರುತ್ತದೆ. 1 ಕ್ಯೂರಿ ಎಂದರೆ 37 ಗಿಗಾಬೆಕೆರೆಲ್.

ಕೊಠಡಿಯ ನಕ್ಷೆ, ವಾರಕ್ಕೆ ಎಷ್ಟು ಗಂಟೆ ಮೂಲ ಕ್ಯಾಮೆರಾದಿಂದ (ಮೂಲವನ್ನು ಒಳಗಿಡುವ ಕವಚದ ಪೆಟ್ಟಿಗೆಯಿಂದ) ಹೊರಗಿರುತ್ತದೆ ಎಂಬ ಅಂದಾಜು, ಮೊಬೈಲಿನಲ್ಲಿ ವೈಜ್ಞಾನಿಕ ಕ್ಯಾಲ್ಕುಲೇಟರ್. ಜೊತೆಗೆ ಈ ಕೆಳಗಿನ ಅಂಕಿಗಳು.

ಇರಿಡಿಯಂ-192: ಅರ್ಧಾಯುಷ್ಯ 73.8 ದಿನ. 1 ಮೀಟರ್ ದೂರದಲ್ಲಿ ಪ್ರತಿ ಗಿಗಾಬೆಕೆರೆಲ್‌ಗೆ ಗಂಟೆಗೆ ಸುಮಾರು 0.13 ಮಿಲಿಸೀವರ್ಟ್ (ಸೀವರ್ಟ್ ಎಂದರೆ ದೇಹಕ್ಕೆ ತಟ್ಟುವ ವಿಕಿರಣದ ಅಳತೆ). ದಶಾಂಶ ದಪ್ಪ: ಸೀಸ 2.0, ಉಕ್ಕು 4.3, ಕಾಂಕ್ರೀಟ್ 14.7 ಸೆಂ.ಮೀ.

ಸೀಸಿಯಂ-137: ಅರ್ಧಾಯುಷ್ಯ ಸುಮಾರು 30 ವರ್ಷ. 1 ಮೀಟರ್‌ನಲ್ಲಿ ಸುಮಾರು 0.09. ದಶಾಂಶ ದಪ್ಪ: ಸೀಸ 2.1, ಉಕ್ಕು 5.3, ಕಾಂಕ್ರೀಟ್ 15.7 ಸೆಂ.ಮೀ.

ಕೋಬಾಲ್ಟ್-60: ಅರ್ಧಾಯುಷ್ಯ 5.27 ವರ್ಷ. 1 ಮೀಟರ್‌ನಲ್ಲಿ ಸುಮಾರು 0.35. ದಶಾಂಶ ದಪ್ಪ: ಸೀಸ 4.0, ಉಕ್ಕು 6.9, ಕಾಂಕ್ರೀಟ್ 20.6 ಸೆಂ.ಮೀ.

ದಶಾಂಶ ದಪ್ಪ ಎಂದರೆ ವಿಕಿರಣವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸುವ ದಪ್ಪ. ಕೆಲಸಗಾರರು ಟಿವಿಎಲ್ ಎನ್ನುವುದು ಇದನ್ನೇ. ಅರ್ಧಕ್ಕೆ ಇಳಿಸುವ ದಪ್ಪ ಅರ್ಧಾಂಶ ದಪ್ಪ, ಅಂದರೆ ಎಚ್‌ವಿಎಲ್. ಇರಿಡಿಯಂಗೆ ಅದು ಸೀಸದಲ್ಲಿ 0.6, ಕಾಂಕ್ರೀಟಿನಲ್ಲಿ 4.3 ಸೆಂ.ಮೀ. ಇಲ್ಲಿ ಕಾಂಕ್ರೀಟ್ ಎಂದರೆ ಘನ ಸೆಂಟಿಮೀಟರಿಗೆ 2.35 ಗ್ರಾಂ ಸಾಂದ್ರತೆಯ ಗಟ್ಟಿ ಕಾಂಕ್ರೀಟ್ ಮಾತ್ರ.

ಹಂತ 1: ಮೂಲದಲ್ಲಿ ಇಂದು ಎಷ್ಟು ಉಳಿದಿದೆ?

ಪ್ರಮಾಣಪತ್ರದಲ್ಲಿ 50 ಕ್ಯೂರಿ ಎಂದಿದೆ, ಅಳೆದು 120 ದಿನ ಆಗಿದೆ ಎಂದುಕೊಳ್ಳಿ. ಅರ್ಧಾಯುಷ್ಯ ಎಂದರೆ ಸಕ್ರಿಯತೆ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ. ಸೂತ್ರ ಇಷ್ಟೇ:

ಅರ್ಧಾಯುಷ್ಯಗಳ ಸಂಖ್ಯೆ = ಕಳೆದ ಕಾಲ ÷ ಅರ್ಧಾಯುಷ್ಯ

ಇಂದಿನ ಸಕ್ರಿಯತೆ = ಅಂದಿನ ಸಕ್ರಿಯತೆ × 0.5ರ ಘಾತ (ಅರ್ಧಾಯುಷ್ಯಗಳ ಸಂಖ್ಯೆ)

120 ÷ 73.8 = 1.626. ಕ್ಯಾಲ್ಕುಲೇಟರಿನಲ್ಲಿ 0.5 ಒತ್ತಿ, ಘಾತದ ಗುಂಡಿ ಒತ್ತಿ, 1.626 ಕೊಟ್ಟರೆ 0.324 ಬರುತ್ತದೆ. 50 × 0.324 = 16.2 ಕ್ಯೂರಿ, ಅಂದರೆ ಸುಮಾರು 600 ಗಿಗಾಬೆಕೆರೆಲ್.

ಉತ್ತರ ಸರಿಯೇ ಎಂದು ತಿಳಿಯಲು ಬೆರಳಲ್ಲೇ ಎಣಿಸಿ: 74 ದಿನಕ್ಕೆ 25, 148 ದಿನಕ್ಕೆ 12.5. ನಮ್ಮ 120 ದಿನ ಇವೆರಡರ ನಡುವೆ ಇದೆ, 16.2 ಕೂಡ ನಡುವೆಯೇ ಇದೆ. ಆದರೆ ಈ ಎರಡು ಅಂಕಿಗಳ ನಡುವೆ ಸರಳ ಗೆರೆ ಎಳೆದು ಉತ್ತರ ಓದಬೇಡಿ. ಹಾಗೆ ಮಾಡಿದರೆ 17.2 ಬರುತ್ತದೆ. ಕ್ಷಯದ ರೇಖೆ ಒಳಬಾಗಿರುವುದರಿಂದ ಸರಳ ಗೆರೆ ಯಾವಾಗಲೂ ಹೆಚ್ಚಿನ ಉತ್ತರವನ್ನೇ ಕೊಡುತ್ತದೆ. ಆ ಅಂಕಿಯನ್ನು ನಂಬಿ ಎಕ್ಸ್‌ಪೋಷರ್ ಕೊಟ್ಟರೆ, ಅಂದರೆ ಫಿಲ್ಮಿನ ಮೇಲೆ ಕಿರಣ ಬಿಟ್ಟರೆ, ಚಿತ್ರ ಮಸುಕಾಗಿ ಬರುತ್ತದೆ. ಅಂದಹಾಗೆ ಎಕ್ಸ್‌ಪೋಷರ್ ಸಮಯದ ಲೆಕ್ಕಕ್ಕೂ ಇದೇ 0.324 ಸಾಕು: 50 ಕ್ಯೂರಿಗೆ 6 ನಿಮಿಷ ಹಿಡಿಯುತ್ತಿದ್ದ ಬೆಸುಗೆಗೆ ಈಗ 6 ÷ 0.324, ಅಂದರೆ ಹದಿನೆಂಟೂವರೆ ನಿಮಿಷ.

ಈ ಹಂತದಲ್ಲಿ ಜನ ಎಡವುವ ಜಾಗಗಳು ಎರಡು.

ಮೊದಲನೆಯದು, "ಹತ್ತು ಅರ್ಧಾಯುಷ್ಯ ಕಳೆದರೆ ಮೂಲ ಸತ್ತಂತೆ" ಎಂಬ ನಂಬಿಕೆ. ಹತ್ತು ಅರ್ಧಾಯುಷ್ಯಕ್ಕೆ 1024ರಲ್ಲಿ ಒಂದು ಭಾಗ ಉಳಿಯುತ್ತದೆ. 50 ಕ್ಯೂರಿಯ ಸಾವಿರದ ಒಂದು ಭಾಗ ಎಂದರೂ ಸುಮಾರು 1.8 ಗಿಗಾಬೆಕೆರೆಲ್, ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 235 ಮೈಕ್ರೋಸೀವರ್ಟ್. ಅದನ್ನು ಜೇಬಿನಲ್ಲಿಟ್ಟುಕೊಳ್ಳುವಂತಿಲ್ಲ. ಎಷ್ಟು ಭಾಗ ಉಳಿದಿದೆ ಎನ್ನುವುದರ ಜೊತೆಗೆ ಎಷ್ಟರ ಭಾಗ ಎನ್ನುವುದನ್ನೂ ಕೇಳಬೇಕು.

ಎರಡನೆಯದು, ಬಳಸದೆ ಇಟ್ಟ ಮೂಲ ನಿರಪಾಯವಾದದ್ದು ಎಂಬ ಭಾವನೆ. ಬಳಸಿದರೂ ಬಳಸದಿದ್ದರೂ ಕ್ಷಯ ತನ್ನ ವೇಗದಲ್ಲೇ ನಡೆಯುತ್ತದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಸುಮ್ಮನೆ ಇದ್ದ ಕೋಬಾಲ್ಟ್-60ರ ಗಾಮಾ ಸೆಲ್ (ವಸ್ತುಗಳಿಗೆ ಗಾಮಾ ಕಿರಣ ಹಾಯಿಸುವ ಯಂತ್ರ) 2010ರಲ್ಲಿ ಹರಾಜಾಗಿ ಮಾಯಾಪುರಿಯ ಗುಜರಿ ಮಾರುಕಟ್ಟೆ ಸೇರಿತು. ಅಲ್ಲಿ ಅದನ್ನು ಬಿಚ್ಚಿದರು. ಒಬ್ಬರು ಪ್ರಾಣ ಕಳೆದುಕೊಂಡರು, ಇನ್ನೂ ಹಲವರು ಆಸ್ಪತ್ರೆ ಸೇರಿದರು. ಲೆಕ್ಕ ಹಾಕಿ ನೋಡಿ: 25 ÷ 5.27 = 4.74 ಅರ್ಧಾಯುಷ್ಯ, ಉಳಿದದ್ದು ಶೇ. 3.7. ಕಾಲು ಶತಮಾನದ ನಂತರ ಉಳಿದ ಆ ಸಣ್ಣ ಪಾಲು ಮನುಷ್ಯನನ್ನು ಕೊಲ್ಲಲು ಸಾಕಾಯಿತು. ಕೆಲಸ ಮುಗಿದ ಮೂಲವನ್ನು ಮೂಲೆಗೆ ಸೇರಿಸದೆ, ಮಂಡಳಿಯ ಅನುಮತಿ ಪಡೆದು ಪೂರೈಕೆದಾರರಿಗೆ ಹಿಂತಿರುಗಿಸಬೇಕು. ಈ ಒಂದು ವಿಷಯದಲ್ಲಿ ಸಡಿಲ ಬೇಡ.

ಹಂತ 2: ಗೋಡೆಗೆ ಯಾವ ಸಕ್ರಿಯತೆ ಹಿಡಿಯಬೇಕು?

ಇಂದಿನ 16.2 ಅಲ್ಲ, 50. ಇರಿಡಿಯಂ ಕೆಲವು ತಿಂಗಳಿಗೊಮ್ಮೆ ಬದಲಾಗುತ್ತದೆ, ಗೋಡೆ ಬದಲಾಗುವುದಿಲ್ಲ. ಆ ಕೊಠಡಿಗೆ ಎಂದಾದರೂ ಬರಬಹುದಾದ ಅತಿ ಹೆಚ್ಚಿನ ಸಕ್ರಿಯತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಂದಿನ ಅಂಕಿ ಹಿಡಿದು ಕಟ್ಟಿದರೆ, ಹೊಸ ಮೂಲ ಬಂದ ದಿನವೇ ಗೋಡೆಯ ಆಚೆ ಮೂರು ಪಟ್ಟು ವಿಕಿರಣ ಇರುತ್ತದೆ.

ಹಂತ 3: ಜನ ನಿಲ್ಲುವ ಜಾಗದಲ್ಲಿ ಎಷ್ಟು?

50 ಕ್ಯೂರಿ = 1850 ಗಿಗಾಬೆಕೆರೆಲ್. 1850 × 0.13 = ಗಂಟೆಗೆ 240 ಮಿಲಿಸೀವರ್ಟ್, ಒಂದು ಮೀಟರ್ ದೂರದಲ್ಲಿ, ನಡುವೆ ಏನೂ ಇಲ್ಲದಾಗ. ದೂರ ಹೆಚ್ಚಿದಂತೆ ಇದು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಗೋಡೆಯ ಆಚೆ ನಿಲ್ಲುವ ವ್ಯಕ್ತಿ ಮೂಲದಿಂದ 4 ಮೀಟರ್ ದೂರದಲ್ಲಿದ್ದರೆ 240 ÷ 16 = 15 ಮಿಲಿಸೀವರ್ಟ್, ಅಂದರೆ ಗಂಟೆಗೆ 15,000 ಮೈಕ್ರೋಸೀವರ್ಟ್.

ದೂರವನ್ನು ಮೂಲದಿಂದ ಮನುಷ್ಯನವರೆಗೆ ಅಳೆಯಬೇಕು, ಗೋಡೆಯ ಒಳಮೈಯವರೆಗೆ ಅಲ್ಲ. ಮೂಲ ಕೊಠಡಿಯ ನಡುವೆಯೇ ಇರುತ್ತದೆ ಎಂದು ಭಾವಿಸಲೂಬಾರದು. ದೊಡ್ಡ ಪೈಪು ಬಂದ ದಿನ ಅದು ಗೋಡೆಯ ಪಕ್ಕಕ್ಕೆ ಸರಿಯಬಹುದು. ಮೂಲ ಗೋಡೆಗೆ ಅತಿ ಹತ್ತಿರ ಬರಬಹುದಾದ ಜಾಗದಿಂದಲೇ ಅಳೆಯಿರಿ.

ಇದೇ ನಿಯಮ ಹತ್ತಿರಕ್ಕೂ ಅಷ್ಟೇ ನಿರ್ದಯವಾಗಿ ಅನ್ವಯಿಸುತ್ತದೆ. ಇಳಿದುಹೋದ 16.2 ಕ್ಯೂರಿಯ ಮೂಲವೇ ಒಂದು ಮೀಟರ್‌ನಲ್ಲಿ ಗಂಟೆಗೆ 78 ಮಿಲಿಸೀವರ್ಟ್ ಕೊಡುತ್ತದೆ. ಕೆಲಸಗಾರನ ಒಂದು ವರ್ಷದ ಮಿತಿಯಾದ 20 ಮಿಲಿಸೀವರ್ಟ್ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಹತ್ತು ಸೆಂಟಿಮೀಟರ್‌ನಲ್ಲಿ ಗಂಟೆಗೆ 7.8 ಸೀವರ್ಟ್.

ಬಯಲಿನಲ್ಲಿ ಕೆಲಸ ಮಾಡುವವರಿಗೆ ದೂರವೇ ಕವಚ. ಇದೇ ಮೂಲಕ್ಕೆ ಗಂಟೆಗೆ 10 ಮೈಕ್ರೋಸೀವರ್ಟ್ ಆಗುವ ದೂರ ಬೇಕಾದರೆ 78,000 ÷ 10 = 7,800; ಅದರ ವರ್ಗಮೂಲ 88. ಕಾಲಿಮೇಟರ್ ಇಲ್ಲದಿದ್ದರೆ 88 ಮೀಟರ್ ದೂರಕ್ಕೆ ಹಗ್ಗ ಕಟ್ಟಬೇಕು. ಕಾಲಿಮೇಟರ್ ಎಂದರೆ ಕಿರಣವನ್ನು ಬೇಕಾದ ದಿಕ್ಕಿಗಷ್ಟೇ ಬಿಡುವ ಪುಟ್ಟ ಲೋಹದ ಕವಚ. ಅದನ್ನು ಹಾಕದೆ ಕೆಲಸ ಮುಗಿಸುವ ಅವಸರ ಏಕೆ ಎಂಬುದು ನನಗಂತೂ ಅರ್ಥವಾಗಿಲ್ಲ.

ಹಂತ 4: ಎಷ್ಟಕ್ಕೆ ಇಳಿಯಬೇಕು?

ನಮ್ಮ ದೇಶದಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್. ಗೋಡೆಯ ಆಚೆ ಕಚೇರಿಯೋ ಕಾರ್ಮಿಕರು ಓಡಾಡುವ ದಾರಿಯೋ ಇದ್ದರೆ ಎರಡನೆಯದನ್ನೇ ಹಿಡಿಯಿರಿ.

1 ಮಿಲಿಸೀವರ್ಟ್ ಎಂದರೆ 1000 ಮೈಕ್ರೋಸೀವರ್ಟ್. ವರ್ಷಕ್ಕೆ 50 ವಾರ ಎಂದರೆ ವಾರಕ್ಕೆ 20. ವಾರಕ್ಕೆ 10 ಗಂಟೆ ಮೂಲ ಹೊರಗಿದ್ದರೆ ಗಂಟೆಗೆ 2 ಮೈಕ್ರೋಸೀವರ್ಟ್. ಆಚೆ ಬದಿ ಬರೀ ಮೆಟ್ಟಿಲು, ಜನ ನಿಲ್ಲುವುದಿಲ್ಲ ಎಂದು ಕೆಲವರು ಈ ಅಂಕಿಯನ್ನು ಸಡಿಲಿಸುತ್ತಾರೆ. ನಿಯಮದಲ್ಲಿ ಅದಕ್ಕೆ ಅವಕಾಶ ಇದ್ದರೂ ಇಂದಿನ ಮೆಟ್ಟಿಲ ಕೆಳಗಿನ ಜಾಗ ನಾಳೆ ಕಾವಲುಗಾರನ ಕೋಣೆಯಾಗುತ್ತದೆ. ಪೂರ್ತಿ ಸಮಯ ಒಬ್ಬರು ಅಲ್ಲೇ ಇರುತ್ತಾರೆ ಎಂದೇ ಲೆಕ್ಕ ಮಾಡುವುದು ಮೇಲು.

ಈ ಹಂತದಲ್ಲಿ ಮಿಲಿ ಮತ್ತು ಮೈಕ್ರೋ ಅದಲುಬದಲಾದರೆ ಉತ್ತರ ಸಾವಿರ ಪಟ್ಟು ಕೆಡುತ್ತದೆ. ಸಾವಿರ ಪಟ್ಟು ಎಂದರೆ ಮೂರು ದಶಾಂಶ ದಪ್ಪ, 44 ಸೆಂಟಿಮೀಟರ್ ಕಾಂಕ್ರೀಟ್. ಪ್ರತಿ ಸಾಲಿನಲ್ಲೂ ಏಕಮಾನ ಬರೆಯಿರಿ, ಬೇಸರವಾದರೂ ಸರಿ.

ಹಂತ 5: ದಪ್ಪ

15,000 ÷ 2 = 7,500. ವಿಕಿರಣ ಇಷ್ಟು ಪಟ್ಟು ಕುಗ್ಗಬೇಕು. ಹತ್ತರಿಂದ ಎಷ್ಟು ಸಲ ಭಾಗಿಸಿದರೆ ಗುರಿ ಮುಟ್ಟುತ್ತೇವೆ ಎನ್ನುವುದೇ ಈಗಿನ ಪ್ರಶ್ನೆ. ಕ್ಯಾಲ್ಕುಲೇಟರ್ ಇಲ್ಲದೆಯೂ ನೋಡಬಹುದು: 15,000, 1,500, 150, 15, 1.5. ನಾಲ್ಕು ಸಲ. ಅಂದರೆ ನಾಲ್ಕಕ್ಕಿಂತ ಸ್ವಲ್ಪ ಕಡಿಮೆ ದಶಾಂಶ ದಪ್ಪ ಬೇಕು.

ನಿಖರವಾಗಿ ಬೇಕಿದ್ದರೆ 7,500ರ ಲಾಗ್ ತೆಗೆಯಿರಿ: 3.875.

ಕಾಂಕ್ರೀಟ್: 3.875 × 14.7 = 57 ಸೆಂ.ಮೀ.
ಉಕ್ಕು: 3.875 × 4.3 = 16.7 ಸೆಂ.ಮೀ.
ಸೀಸ: 3.875 × 2.0 = 7.8 ಸೆಂ.ಮೀ.

ಕ್ಯಾಲ್ಕುಲೇಟರಿನಲ್ಲಿ ಲಾಗ್ ಗುಂಡಿಯ ಪಕ್ಕದಲ್ಲೇ ಎಲ್‌ಎನ್ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ 8.92 ಬಂದು ಗೋಡೆ 131 ಸೆಂ.ಮೀ. ಆಗುತ್ತದೆ. ಮೇಲಿನ ಬೆರಳೆಣಿಕೆ ಮಾಡಿಕೊಂಡಿದ್ದರೆ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಅರ್ಧಾಂಶ ದಪ್ಪದಿಂದ ಲೆಕ್ಕ ಮಾಡಿದವರಿಗೆ (7,500 ಪಟ್ಟು ಕುಗ್ಗಲು 12.87 ಸಲ ಅರ್ಧವಾಗಬೇಕು) 12.87 × 4.3 = 55.3 ಬಂದು, ಯಾವುದು ಸರಿ ಎಂಬ ಅನುಮಾನ ಏಳುತ್ತದೆ. ಇರಿಡಿಯಂ ಒಂದೇ ಶಕ್ತಿಯ ಗಾಮಾ ಕೊಡುವುದಿಲ್ಲ. ಹಲವು ಶಕ್ತಿಗಳ ಕಿರಣಗಳು ಒಟ್ಟಿಗೆ ಹೊರಡುತ್ತವೆ. ಮೆತ್ತನೆಯವು, ಅಂದರೆ ಕಡಿಮೆ ಶಕ್ತಿಯವು, ಮೊದಲ ಪದರಗಳಲ್ಲೇ ಸೋಸಿಹೋಗಿ ಒಳಗೆ ಹೋದಂತೆ ಗಟ್ಟಿಯವೇ ಉಳಿಯುತ್ತವೆ. ಅದರಿಂದ ಮೊದಲ ಅರ್ಧಾಂಶಕ್ಕಿಂತ ಮುಂದಿನವು ದಪ್ಪ. ಕುಗ್ಗಿಸಬೇಕಾದ ಪ್ರಮಾಣ ನೂರು ಪಟ್ಟಿಗಿಂತ ಹೆಚ್ಚಿದ್ದಾಗ ದಶಾಂಶ ದಪ್ಪವನ್ನೇ ನಂಬಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಲೆಕ್ಕದ ಸ್ವಭಾವ ಬಹಳ ಜನರಿಗೆ ತಲೆಕೆಳಗಾಗಿ ಕಾಣುತ್ತದೆ. ಮೂಲ 50ರ ಬದಲು 100 ಕ್ಯೂರಿ ಆದರೆ ಗೋಡೆ ಎರಡು ಪಟ್ಟು ಆಗಬೇಕಿಲ್ಲ. ಇನ್ನೊಂದು ಅರ್ಧಾಂಶ, ಅಂದರೆ ಸುಮಾರು 4.3 ಸೆಂ.ಮೀ. ಸೇರಿದರೆ ಸಾಕು. ಹಾಗೆಯೇ ಗೋಡೆ 4.3 ಸೆಂ.ಮೀ. ತೆಳುವಾದರೆ ವಿಕಿರಣ ಎರಡು ಪಟ್ಟಾಗುತ್ತದೆ. ಸಕ್ರಿಯತೆಯ ಅಂದಾಜಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೆ ಗೋಡೆ ತಡೆದುಕೊಳ್ಳುತ್ತದೆ. ಐಸೊಟೋಪ್ ಬದಲಾದರೆ ತಡೆದುಕೊಳ್ಳುವುದಿಲ್ಲ. ಅದೇ ಕೊಠಡಿಗೆ 50 ಕ್ಯೂರಿಯ ಕೋಬಾಲ್ಟ್ ತಂದರೆ 1850 × 0.35 ÷ 16 = ಗಂಟೆಗೆ 40,000 ಮೈಕ್ರೋಸೀವರ್ಟ್; ಬೇಕಾದ ಕಾಂಕ್ರೀಟ್ 89 ಸೆಂ.ಮೀ. ಇರಿಡಿಯಂಗೆಂದು ಕಟ್ಟಿದ 62 ಸೆಂ.ಮೀ. ಗೋಡೆಯ (57ಕ್ಕೆ ಹಂತ 6ರಲ್ಲಿ ಬರುವ ಹೆಚ್ಚುವರಿ ಸೇರಿಸಿದ್ದು) ಆಚೆ ಗಂಟೆಗೆ 40 ಮೈಕ್ರೋಸೀವರ್ಟ್ ಇರುತ್ತದೆ, ಅನುಮತಿಯ ಇಪ್ಪತ್ತು ಪಟ್ಟು. ವರ್ಷದ ಕೊನೆಗೆ ಆಚೆ ಕುಳಿತ ಗುಮಾಸ್ತನಿಗೆ 20 ಮಿಲಿಸೀವರ್ಟ್.

ಹಂತ 6: ಪಠ್ಯಪುಸ್ತಕದ ಸೂತ್ರದ ಬಲೆ

ವಿದ್ಯಾರ್ಥಿಗಳು ಬಳಸುವ ಘಾತೀಯ ಸೂತ್ರದಲ್ಲಿ ಕ್ಷೀಣನ ಗುಣಾಂಕ ಬರುತ್ತದೆ. ಪ್ರತಿ ಸೆಂಟಿಮೀಟರ್ ವಸ್ತು ಎಷ್ಟು ಪಾಲು ಕಿರಣವನ್ನು ತೆಗೆಯುತ್ತದೆ ಎಂಬ ಅಂಕಿ ಅದು. ಆ ಅಂಕಿಯನ್ನು ಅಳೆಯುವುದು ಕಿರಿದಾದ ಕಿರಣದಲ್ಲಿ, ಚದುರಿದ ಪ್ರತಿ ಫೋಟಾನನ್ನೂ ಕಳೆದುಹೋದದ್ದೆಂದು ಎಣಿಸಿ. ನಿಜವಾದ ಗೋಡೆಯಲ್ಲಿ ಚದುರಿದವು ಸುತ್ತಿ ಬಳಸಿ ಆಚೆ ಬರುತ್ತವೆ. ಹೀಗೆ ಸೇರುವ ಹೆಚ್ಚುವರಿಗೆ ಬಿಲ್ಡ್‌ಅಪ್ ಎನ್ನುತ್ತಾರೆ.

ವ್ಯತ್ಯಾಸ ಸಣ್ಣದಲ್ಲ. ಕೋಬಾಲ್ಟಿಗೆ ಕಾಂಕ್ರೀಟಿನಲ್ಲಿ ಕಿರಿದಾದ ಕಿರಣದ ದಶಾಂಶ ದಪ್ಪ ಸುಮಾರು 17 ಸೆಂ.ಮೀ.; ಗೋಡೆಗೆ ಬಳಸಬೇಕಾದದ್ದು 20.6. ಮೊದಲನೆಯದನ್ನು ಹಿಡಿದರೆ 89ರ ಬದಲು 73 ಸೆಂ.ಮೀ. ಬಂದು, ಆಚೆ ಐದು ಪಟ್ಟಿಗಿಂತ ಹೆಚ್ಚು ವಿಕಿರಣ ಇರುತ್ತದೆ. ಕೋಷ್ಟಕ ತೆಗೆದುಕೊಳ್ಳುವಾಗ ಅದು ಅಗಲ ಕಿರಣದ್ದೇ ಎಂದು ಖಚಿತ ಮಾಡಿಕೊಳ್ಳಿ. ಮೇಲೆ ಕೊಟ್ಟವು ಅಗಲ ಕಿರಣದವು.

ಹಂತ 5ರಲ್ಲಿ ಇರಿಡಿಯಂಗೆ ಬಂದ ಉತ್ತರಕ್ಕೆ ಒಂದು ಅರ್ಧಾಂಶ ದಪ್ಪ ಸೇರಿಸಿ: 57 + 4.3 = 61.3. ಮೇಲಕ್ಕೇ ದುಂಡಗೆ ಮಾಡಿ, 62.

ವಸ್ತುವಿನ ಬಗ್ಗೆ ಎರಡು ಮಾತು. ಇಟ್ಟಿಗೆಯ ಸಾಂದ್ರತೆ 1.8 ಇದ್ದರೆ 62 ಸೆಂ.ಮೀ. ಕಾಂಕ್ರೀಟಿಗೆ ಬದಲಾಗಿ ಸುಮಾರು 81 ಸೆಂ.ಮೀ. ಬೇಕು, ಟೊಳ್ಳು ಬ್ಲಾಕ್‌ಗಳನ್ನು ಲೆಕ್ಕಕ್ಕೇ ತರಬೇಡಿ. ಸೀಸದ ಹಾಳೆ ತನ್ನ ಭಾರಕ್ಕೆ ತಾನೇ ನಿಧಾನವಾಗಿ ಜಾರುತ್ತದೆ, ಚೌಕಟ್ಟಿನ ಆಧಾರ ಬೇಕೇ ಬೇಕು.

ಈ ಲೆಕ್ಕವೆಲ್ಲ ಗಾಮಾ ಕಿರಣಕ್ಕೆ ಮಾತ್ರ. ಫಾಸ್ಫರಸ್-32ರಂಥ ಬೀಟಾ ಮೂಲಕ್ಕೆ ಮೊದಲು ಸೀಸ ಇಟ್ಟರೆ, ಸೀಸದಲ್ಲಿ ಬೀಟಾ ಕಣ ತಡೆಯುವಾಗ ಎಕ್ಸ್-ಕಿರಣ ಹುಟ್ಟುತ್ತದೆ. ಅಲ್ಲಿ ಒಂದು ಸೆಂಟಿಮೀಟರ್ ಅಕ್ರಿಲಿಕ್ ಸರಿಯಾದ ಕವಚ. ನ್ಯೂಟ್ರಾನಿಗೆ ಬೇಕಾದದ್ದು ಜಲಜನಕ ತುಂಬಿದ ನೀರು, ಪ್ಯಾರಾಫಿನ್, ಕಾಂಕ್ರೀಟ್. ಕೈಗಾದ ರಿಯಾಕ್ಟರ್‌ಗಳ ಸುತ್ತಲಿನ ಗೋಡೆಯನ್ನು ಈ ಮೂರು ಸಾಲಿನ ಸೂತ್ರದಿಂದ ಅಳೆಯಲು ಹೋಗಬೇಡಿ.

ಹಂತ 7: ಕಾಗದದಿಂದ ಕೊಠಡಿಗೆ

ಗೋಡೆ 62 ಸೆಂ.ಮೀ. ಇದ್ದು ಬಾಗಿಲು ತಗಡಿನದಾದರೆ ಲೆಕ್ಕ ಮಾಡಿದ್ದೇ ವ್ಯರ್ಥ. ಬಾಗಿಲಿಗೆ ಇದೇ ಲೆಕ್ಕ ಬೇಕು, ಇಲ್ಲವೇ ಕಿರಣ ಕನಿಷ್ಠ ಎರಡು ಸಲ ಚದುರಿ ಬರುವಂತೆ ತಿರುವು ದಾರಿ ಬೇಕು. ವಿದ್ಯುತ್ ತಂತಿಯ ಕೊಳವೆ ಗೋಡೆಯನ್ನು ನೇರವಾಗಿ ಹಾಯಬಾರದು. ಓರೆಯಾಗಿ, ಮೂಲದ ದೃಷ್ಟಿರೇಖೆಗೆ ಬೀಳದಂತೆ ಹಾಯಬೇಕು. ಮೇಲ್ಛಾವಣಿ ತೆರೆದಿದ್ದರೆ ಮೇಲಕ್ಕೆ ಹೋದ ಕಿರಣ ಗಾಳಿಯಲ್ಲಿ ಚದುರಿ ಗೋಡೆಯ ಆಚೆ ಇಳಿಯುತ್ತದೆ. ಗೋಡೆಯ ಪಕ್ಕದಲ್ಲಿ ಕಡಿಮೆ ತೋರಿಸುವ ವಿಕಿರಣ ಮಾಪಕ ಕೆಲವು ಮೀಟರ್ ದೂರದಲ್ಲಿ ಹೆಚ್ಚು ತೋರಿಸಿದರೆ ಕಾರಣ ಇದೇ.

ಕಟ್ಟಿದ ಮೇಲೆ ಅಳತೆ. ಅತಿ ಹೆಚ್ಚಿನ ಸಕ್ರಿಯತೆಯ ಮೂಲವನ್ನು ಗೋಡೆಗೆ ಅತಿ ಹತ್ತಿರದ ಜಾಗದಲ್ಲಿ ಇಟ್ಟು, ವಿಕಿರಣ ಸುರಕ್ಷತಾ ಅಧಿಕಾರಿ ಸರ್ವೆ ಮೀಟರ್ (ವಿಕಿರಣ ಮಾಪಕ) ಹಿಡಿದು ಗೋಡೆಯ ಪ್ರತಿ ಮೂಲೆ, ಬಾಗಿಲಿನ ಸಂದು, ಕೊಳವೆಯ ಬಾಯಿ ಎಲ್ಲವನ್ನೂ ನೋಡಬೇಕು. ಅಂದಿನ ಮೂಲ 30 ಕ್ಯೂರಿ ಮಾತ್ರ ಇದ್ದರೆ ಬಂದ ಅಂಕಿಯನ್ನು 50 ÷ 30ರಿಂದ ಗುಣಿಸಿ ಬರೆದಿಡಿ. ಒಂದೇ ಜಾಗದಲ್ಲಿ ಲೆಕ್ಕಕ್ಕಿಂತ ಬಹಳ ಹೆಚ್ಚು ಬಂದರೆ ಕಾಂಕ್ರೀಟಿನೊಳಗೆ ಪೊಳ್ಳು ಉಳಿದಿರಬಹುದು.

ಪ್ರತಿ ಎಕ್ಸ್‌ಪೋಷರ್ ಮುಗಿದ ಮೇಲೆ ಮೂಲ ಕ್ಯಾಮೆರಾಗೆ ಮರಳಿತೇ ಎಂದು ಮೀಟರ್ ಹಿಡಿದೇ ಒಳಗೆ ಹೋಗಬೇಕು. ಕೊಳವೆಯಲ್ಲಿ ಸಿಕ್ಕಿಕೊಂಡ ಮೂಲದ ಬಳಿಗೆ ನಡೆದುಹೋದವನನ್ನು ಯಾವ ದಪ್ಪದ ಗೋಡೆಯೂ ಕಾಯುವುದಿಲ್ಲ. ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಟ್ಟಿದ ವಿಕಿರಣವನ್ನು ದಾಖಲಿಸುವ ಬಿಲ್ಲೆ) ಆಗಿಹೋದದ್ದನ್ನು ತಿಂಗಳುಗಳ ನಂತರ ಹೇಳುತ್ತದೆ, ಎಚ್ಚರಿಸುವುದಿಲ್ಲ.

ಲೆಕ್ಕದ ಹಾಳೆಯನ್ನು ಕಡತದಲ್ಲಿಡಿ, ಅದರ ಮೇಲೆ ಮೂರು ಸಂಗತಿ ದೊಡ್ಡದಾಗಿ ಬರೆಯಿರಿ: ಐಸೊಟೋಪ್, ಗರಿಷ್ಠ ಸಕ್ರಿಯತೆ, ವಾರದ ಗಂಟೆಗಳು. ಮೊದಲೆರಡನ್ನು ಎಲ್ಲರೂ ಗಮನಿಸುತ್ತಾರೆ; ಮೂರನೆಯದು ಸದ್ದಿಲ್ಲದೆ ಏರುತ್ತದೆ. ಕೆಲಸ ಹೆಚ್ಚಾಗಿ ವಾರಕ್ಕೆ 10ರ ಬದಲು 20 ಗಂಟೆ ಆದರೆ ಹಂತ 6ರಲ್ಲಿ ಸೇರಿಸಿದ 4.3 ಸೆಂ.ಮೀ. ಅಷ್ಟಕ್ಕೇ ಮುಗಿದುಹೋಗುತ್ತದೆ, ಅದರಾಚೆಗೆ ಪ್ರತಿ ಗಂಟೆಯನ್ನೂ ಹೊಸದಾಗಿ ಲೆಕ್ಕ ಮಾಡಬೇಕು.